ಸೋರುವ ಗ್ಯಾಸ್, ಲೆಕ್ಕಕ್ಕೆ ಸಿಗದ ಹೊರೆ

ಮನೆಯ ಫ್ರಿಜ್ಜಾಗಲಿ, ಕಚೇರಿಯ ಏಸಿಯಾಗಲಿ, ಲಸಿಕೆ ಮತ್ತು ಮೆಣಸಿನಕಾಯಿಗಳನ್ನು ಕಾಪಿಡುವ ಶೀತಲಗೃಹವಾಗಲಿ, ಮಾಡುವ ಕೆಲಸ ಒಂದೇ: ಒಳಗಿನ ಶಾಖವನ್ನು ಹೀರಿ ಹೊರಗೆ ಸಾಗಿಸುವುದು. ತಗ್ಗಿದ ಒತ್ತಡದಲ್ಲಿ ಆವಿಯಾಗಿ ಶಾಖವನ್ನು ಹೀರಿಕೊಂಡು, ಕಂಪ್ರೆಸರ್ ಒತ್ತಿದ ಮೇಲೆ ಮತ್ತೆ ದ್ರವವಾಗಿ ಆ ಶಾಖವನ್ನು ಬಿಟ್ಟುಕೊಡುವ ರಾಸಾಯನಿಕವನ್ನು ಶೀತಕ ಎನ್ನುತ್ತಾರೆ. ರಿಪೇರಿ ಅಂಗಡಿಗಳಲ್ಲಿ ಅದರ ಹೆಸರು ಬರೀ ‘ಗ್ಯಾಸ್’. ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುವ ಈ ವಸ್ತು ಬಳಸಿದಷ್ಟೂ ಖರ್ಚಾಗುವಂಥದ್ದಲ್ಲವಾದ್ದರಿಂದ, ಒಂದು ಏಸಿಗೆ ಬೇಸಿಗೆ ಬಂದಾಗಲೆಲ್ಲ ಗ್ಯಾಸ್ ತುಂಬಿಸಬೇಕಾಗುತ್ತಿದೆ ಎಂದರೆ ಮೊದಲು ತುಂಬಿದ್ದು ಎಲ್ಲೋ ಸೋರಿ ಗಾಳಿಯನ್ನು ಸೇರಿದೆ ಎಂದೇ ಅರ್ಥ. ಈ ಉದ್ಯಮಕ್ಕೆ ಅನ್ವಯಿಸುವ ಪರಿಸರ ಕಾನೂನುಗಳ ಸಾಧನೆ ದೊಡ್ಡದು. ಆದರೆ ಅವುಗಳ ಕೊರತೆ ಕಾಣಬೇಕಾದರೆ ಈ ಸೋರಿಕೆಯ ಕಡೆಯಿಂದಲೇ ನೋಡಬೇಕು.

ಆರಂಭದ ಶೀತಕಗಳಾದ ಅಮೋನಿಯಾ, ಗಂಧಕದ ಡೈಆಕ್ಸೈಡ್ ಮತ್ತು ಮೀಥೈಲ್ ಕ್ಲೋರೈಡ್‌ಗಳು ಸೋರಿದರೆ ಮನುಷ್ಯರ ಜೀವಕ್ಕೇ ಅಪಾಯವಿತ್ತು. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಹೋದ್ಯೋಗಿಗಳು ರೂಪಿಸಿದ ಕ್ಲೋರೊಫ್ಲೋರೊಕಾರ್ಬನ್‌ಗಳು, ಅಂದರೆ ಸಿಎಫ್‌ಸಿಗಳು, ಉರಿಯದ, ಅಷ್ಟೇನೂ ವಿಷಕಾರಿಯಲ್ಲದ, ಯಾವುದರೊಂದಿಗೂ ಸುಲಭವಾಗಿ ಬೆರೆತು ಕೆಡದ ಅನಿಲಗಳಾದ್ದರಿಂದ ಜಗತ್ತು ಅವುಗಳನ್ನು ನೆಮ್ಮದಿಯಿಂದ ಸ್ವೀಕರಿಸಿತು. ಆದರೆ ಸುಲಭವಾಗಿ ಕೆಡದಿರುವ ಆ ಗುಣದಿಂದಲೇ ಅವು ವಾತಾವರಣದ ಮೇಲಿನ ಪದರದವರೆಗೆ ಏರಿ, ಅಲ್ಲಿ ಸೂರ್ಯನ ನೇರಳಾತೀತ ಕಿರಣಗಳಿಂದ ಒಡೆದು, ಬಿಡುಗಡೆಯಾದ ಕ್ಲೋರಿನ್‌ನಿಂದ ಓಝೋನ್ ಅಣುಗಳನ್ನು ನಾಶಮಾಡಬಲ್ಲವು ಎಂದು 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ತೋರಿಸಿಕೊಟ್ಟರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀವ್ರವಾಗಿ ಕುಸಿದಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದ ಮೇಲೆ ರಾಜತಂತ್ರವೂ ಚುರುಕಾಗಿ, 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ ರೂಪುಗೊಂಡಿತು. ಬಡ ದೇಶಗಳು ಹೊಸ ತಂತ್ರಜ್ಞಾನಕ್ಕೆ ಹೊರಳುವ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆಯನ್ನು ಭಾರತ ಮತ್ತು ಚೀನಾಗಳು ಗಟ್ಟಿಯಾಗಿ ಎತ್ತಿದ್ದವು. 1990ರ ಲಂಡನ್ ತಿದ್ದುಪಡಿಯಲ್ಲಿ ಬಹುಪಕ್ಷೀಯ ನಿಧಿಗೆ ಒಪ್ಪಿಗೆ ದೊರೆತ ಬಳಿಕವೇ, 1992ರಲ್ಲಿ, ಭಾರತ ಒಪ್ಪಂದವನ್ನು ಸೇರಿತು. ಆ ಪಟ್ಟು ನ್ಯಾಯವಾದದ್ದಾಗಿತ್ತು. ಪರಿಸರ ಒಪ್ಪಂದಗಳಲ್ಲಿ ಇದರಷ್ಟು ಫಲ ನೀಡಿದ ಇನ್ನೊಂದು ವಿರಳ ಎನ್ನುವುದಕ್ಕೆ ಆ ನಿಧಿಯೂ ಒಂದು ಕಾರಣ. 2000ನೇ ಇಸವಿಯಲ್ಲಿ ಓಝೋನ್ ನಾಶಕ ವಸ್ತುಗಳ ನಿಯಂತ್ರಣ ನಿಯಮಗಳು ಜಾರಿಗೆ ಬಂದವು, 2010ರ ಹೊತ್ತಿಗೆ ಸಿಎಫ್‌ಸಿ ಭಾರತದ ಶೈತ್ಯೋದ್ಯಮದಿಂದ ಹೊರಬಿದ್ದಿತ್ತು.

ಅದರ ಜಾಗಕ್ಕೆ ಮೊದಲು ಬಂದದ್ದು ಎಚ್‌ಸಿಎಫ್‌ಸಿ ವರ್ಗದ ಆರ್-22. ಇದರಿಂದ ಓಝೋನ್‌ಗೆ ಆಗುವ ಹಾನಿ ಕಡಿಮೆಯಾದರೂ ಇಲ್ಲವೆನ್ನುವಂತಿರಲಿಲ್ಲವಾದ್ದರಿಂದ, ಕ್ಲೋರಿನ್ನೇ ಇಲ್ಲದ ಎಚ್‌ಎಫ್‌ಸಿ ವರ್ಗದ ಆರ್-134ಎ, ಆರ್-410ಎ ಮುಂತಾದವು ಬಂದವು. ಇವು ಓಝೋನ್ ಪದರವನ್ನು ಮುಟ್ಟುವುದಿಲ್ಲ, ಆದರೆ ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಅತಿ ಸಮರ್ಥ. ಒಂದು ಅನಿಲ ನೂರು ವರ್ಷಗಳ ಅವಧಿಯಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟು ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ ಎಂಬುದನ್ನು ಜಾಗತಿಕ ತಾಪನ ಸಾಮರ್ಥ್ಯ ಎನ್ನುತ್ತಾರೆ. ಒಪ್ಪಂದ ಬಳಸುವ ಅಂಕಿಗಳ ಪ್ರಕಾರ ಇದು ಆರ್-22ಕ್ಕೆ 1810, ಆರ್-410ಎಗೆ ಸುಮಾರು 2088, ಈಗಿನ ಹೊಸ ಏಸಿಗಳಲ್ಲಿ ವ್ಯಾಪಕವಾಗಿರುವ ಆರ್-32ಕ್ಕೆ 675. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಒಂದು ಕಿಲೋ ಆರ್-410ಎ ಗಾಳಿಗೆ ಸೇರುವುದು ಸರಿಸುಮಾರು ಒಂಬೈನೂರು ಲೀಟರ್ ಪೆಟ್ರೋಲ್ ಸುಟ್ಟಂತಾಗುತ್ತದೆ.

ಓಝೋನ್ ಒಪ್ಪಂದವನ್ನೇ ಹವಾಮಾನದ ರಕ್ಷಣೆಗೂ ವಿಸ್ತರಿಸಿದ್ದು 2016ರ ಅಕ್ಟೋಬರ್‌ನಲ್ಲಿ ರುವಾಂಡಾದ ಕಿಗಾಲಿಯಲ್ಲಿ ಅಂಗೀಕಾರಗೊಂಡ ತಿದ್ದುಪಡಿ. 2021ರಲ್ಲಿ ಇದನ್ನು ಅನುಮೋದಿಸಿದ ಭಾರತ ಎಚ್‌ಎಫ್‌ಸಿ ಬಳಕೆಯನ್ನು 2028ರಲ್ಲಿ ಮಿತಿಗೆ ನಿಲ್ಲಿಸಿ, 2032ರ ಹೊತ್ತಿಗೆ ಶೇ 10, 2037ಕ್ಕೆ ಶೇ 20, 2042ಕ್ಕೆ ಶೇ 30 ಮತ್ತು 2047ಕ್ಕೆ ಶೇ 85ರಷ್ಟು ಇಳಿಸಬೇಕಾಗಿದೆ. ಈ ಇಳಿಕೆಯನ್ನು ಅಳೆಯುವ ಮೂಲಮಟ್ಟವು 2024ರಿಂದ 2026ರವರೆಗಿನ ಎಚ್‌ಎಫ್‌ಸಿ ಬಳಕೆಯ ಸರಾಸರಿಗೆ ಎಚ್‌ಸಿಎಫ್‌ಸಿಯ ಹಳೆಯ ಮೂಲಮಟ್ಟದ ಶೇ 65 ಭಾಗವನ್ನು ಕೂಡಿಸಿ ನಿರ್ಧಾರವಾಗುವಂಥದ್ದು. ಈ ಮೂರು ವರ್ಷಗಳಲ್ಲಿ ಬಳಕೆ ಹೆಚ್ಚಿದಷ್ಟೂ ಮುಂದಿನ ಮಿತಿ ಸಡಿಲವಾಗುತ್ತದೆ ಎಂಬುದು ಈ ಸೂತ್ರದೊಳಗೇ ಅಡಗಿರುವ ದೌರ್ಬಲ್ಯ. ಏಸಿ ಇನ್ನೂ ಬಹುಪಾಲು ಮನೆಗಳನ್ನು ತಲುಪದ, ಬಿಸಿಲಿನ ತೀವ್ರತೆ ಏರುತ್ತಿರುವ ದೇಶಕ್ಕೆ ಕಾಲಾವಕಾಶ ಬೇಕೆಂಬುದು ನಿಜ. ಆ ಕಾಲವನ್ನು ಹಳೆಯ ಅನಿಲಗಳಿಗೆ ಇನ್ನಷ್ಟು ಅಂಟಿಕೊಳ್ಳಲು ಬಳಸಿದರೆ 2042ರಿಂದ 2047ರ ನಡುವಿನ ಕಡಿದಾದ ಇಳಿಜಾರು ಉದ್ಯಮಕ್ಕೇ ದುಬಾರಿಯಾಗುತ್ತದೆ.

ಇದಕ್ಕಿಂತ ಮೂಲಭೂತವಾದ ತೊಡಕು ‘ಬಳಕೆ’ಯನ್ನು ಲೆಕ್ಕಹಾಕುವ ಕ್ರಮದಲ್ಲಿದೆ. ಒಪ್ಪಂದದ ಪ್ರಕಾರ ಬಳಕೆಯೆಂದರೆ ಉತ್ಪಾದನೆಗೆ ಆಮದನ್ನು ಕೂಡಿ ರಫ್ತನ್ನು ಕಳೆದರೆ ಉಳಿಯುವ ಮೊತ್ತ. ಕಾರ್ಖಾನೆಯ ಬಾಗಿಲು ಮತ್ತು ಬಂದರಿನ ಕಟ್ಟೆಗಳಲ್ಲಿ ಇದನ್ನು ಪರಿಶೀಲಿಸುವುದು ಸುಲಭವಾದ್ದರಿಂದಲೇ ಒಪ್ಪಂದ ಇಷ್ಟು ಯಶಸ್ವಿಯಾಯಿತು. ಆದರೆ ಈಗಾಗಲೇ ಗೋಡೆಗಳ ಮೇಲೆ ಕೂತಿರುವ ಯಂತ್ರಗಳಿಂದ ಸೋರುವುದು, ಏಸಿಯನ್ನು ಬೇರೆ ಮನೆಗೆ ಸಾಗಿಸುವಾಗ ಕೊಳವೆ ಬಿಚ್ಚಿ ಗಾಳಿಗೆ ಬಿಡುವುದು, ಗುಜರಿಯಲ್ಲಿ ತಾಮ್ರಕ್ಕಾಗಿ ಕಂಪ್ರೆಸರ್ ಕತ್ತರಿಸುವಾಗ ಹಾರಿಹೋಗುವುದು ಈ ಲೆಕ್ಕದಲ್ಲಿ ನೇರವಾಗಿ ಎಲ್ಲೂ ಕಾಣಿಸುವುದಿಲ್ಲ. ಅಮೆರಿಕದ ಶುದ್ಧ ವಾಯು ಕಾಯ್ದೆ ಸಿಎಫ್‌ಸಿ ಮತ್ತು ಎಚ್‌ಸಿಎಫ್‌ಸಿಗಳನ್ನು ತಿಳಿದೂ ಗಾಳಿಗೆ ಬಿಡುವುದನ್ನು 1992ರಲ್ಲೇ ನಿಷೇಧಿಸಿ, ಅವುಗಳನ್ನು ಮುಟ್ಟುವ ತಂತ್ರಜ್ಞರಿಗೆ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ ಈ ಕೆಲಸದ ದೊಡ್ಡ ಭಾಗ ಸಣ್ಣ ಅಂಗಡಿಗಳ, ಸ್ವಂತ ಸ್ಕೂಟರಿನಲ್ಲಿ ಸಿಲಿಂಡರ್ ಹೊತ್ತು ತಿರುಗುವ ಮೆಕ್ಯಾನಿಕ್‌ಗಳ ಕೈಯಲ್ಲಿದೆ. ಹಳೆಯ ಗ್ಯಾಸನ್ನು ಹೀರಿ ಸಿಲಿಂಡರಿಗೆ ತುಂಬುವ ಯಂತ್ರಕ್ಕೆ ಹಣ ಬೇಕು, ಆ ಕೆಲಸಕ್ಕೆ ಸಮಯ ಬೇಕು; ಎರಡಕ್ಕೂ ಗ್ರಾಹಕ ಕೂಲಿ ಕೊಡುವುದಿಲ್ಲ. ಆ ಮೆಕ್ಯಾನಿಕ್‌ನನ್ನು ಅಪರಾಧಿಯಂತೆ ಕಾಣುವುದು ಅನ್ಯಾಯ, ಏಕೆಂದರೆ ಸೋರಿಕೆ ಹುಡುಕಿ ಬೆಸುಗೆ ಹಾಕುವ ಬದಲು ಗ್ಯಾಸ್ ಮಾತ್ರ ತುಂಬಿಸಿಕೊಡಿ ಎಂದು ಕೇಳುವುದು ಬಹುತೇಕ ಮನೆಯವರೇ.

2019ರ ಭಾರತ ಶೈತ್ಯ ಕ್ರಿಯಾ ಯೋಜನೆ ಒಂದು ಲಕ್ಷ ಸರ್ವಿಸ್ ತಂತ್ರಜ್ಞರಿಗೆ ತರಬೇತಿ ಕೊಡುವ ಮತ್ತು 2037–38ರೊಳಗೆ ಶೀತಕಗಳ ಬೇಡಿಕೆಯನ್ನು ಶೇ 25ರಿಂದ 30ರಷ್ಟು ತಗ್ಗಿಸುವ ಗುರಿಯಿಟ್ಟು ಈ ಕೊರತೆಯನ್ನು ಗುರುತಿಸಿತು. ತರಬೇತಿ ಈಗ ಜೀವರಕ್ಷಣೆಯ ಪ್ರಶ್ನೆಯೂ ಆಗಿದೆ. ಆರ್-32 ಸೌಮ್ಯವಾಗಿ ಉರಿಯಬಲ್ಲ ಅನಿಲ; ತಾಪನ ಸಾಮರ್ಥ್ಯ ತೀರಾ ಕಡಿಮೆಯಿರುವ ಆರ್-290 ಶುದ್ಧ ಪ್ರೊಪೇನ್, ಅಂದರೆ ಅಡುಗೆ ಅನಿಲದ ಹತ್ತಿರದ ಬಂಧು. ಉರಿಯದ ಗ್ಯಾಸಿಗಾಗಿ ರೂಪಿಸಿದ ಹಳೆಯ ಯಂತ್ರಕ್ಕೆ ಇಂಥದ್ದನ್ನು ತುಂಬಿದರೆ ಸ್ಫೋಟದ ಅಪಾಯವಿದೆ. ಪರಿಸರಕ್ಕೆ ಒಳ್ಳೆಯದಾದ ಅನಿಲದ ಅಪಾಯವನ್ನು ಸರಿಯಾದ ಉಪಕರಣವೂ ವಿಮೆಯೂ ಇಲ್ಲದ ಕೆಲಸಗಾರನ ಮೇಲೆ ಹೊರಿಸುವುದು ಯಾವ ದೃಷ್ಟಿಯಿಂದಲೂ ಸಮರ್ಥನೀಯವಲ್ಲ.

ಆರ್-22 ಬಳಸಿ ಹೊಸ ಏಸಿ ತಯಾರಿಸುವುದು ಭಾರತದಲ್ಲಿ 2025ರ ಜನವರಿ 1ರಿಂದ ನಿಂತಿದೆ. 2030ರಿಂದ 2040ರವರೆಗೆ ಹಳೆಯ ಯಂತ್ರಗಳ ರಿಪೇರಿಗೆಂದು ಸಿಗುವುದು ಮೂಲಮಟ್ಟದ ವಾರ್ಷಿಕ ಸರಾಸರಿ ಶೇ 2.5ರಷ್ಟು ಎಚ್‌ಸಿಎಫ್‌ಸಿ ಮಾತ್ರ. ಹೀಗಾಗಿ ಆ ವೇಳೆಗೂ ಓಡುತ್ತಿರುವ ಆಸ್ಪತ್ರೆ, ಹೋಟೆಲು, ಶೀತಲಗೃಹಗಳ ಆರ್-22 ಯಂತ್ರಗಳಿಗೆ ಬೇಕಾಗುವ ಗ್ಯಾಸಿನ ಗಣನೀಯ ಪಾಲು ಗುಜರಿಗೆ ಹೋಗುವ ಯಂತ್ರಗಳಿಂದಲೇ ಹೀರಿ, ಶುದ್ಧೀಕರಿಸಿ ಬರಬೇಕು. ಅದನ್ನು ಕೊಂಡು ತಕ್ಕ ಬೆಲೆ ಕೊಡುವ ಕೇಂದ್ರಗಳು ಜಿಲ್ಲೆ ಜಿಲ್ಲೆಯಲ್ಲೂ ಈಗಿನಿಂದಲೇ ತಲೆಯೆತ್ತಬೇಕು.