ಆಪತ್ತಿನಲ್ಲಿ ಪ್ರವಾಸಿಗರಿಗೆ ಆಸರೆಯಾದವರ ಗೌರವ: ಗ್ರಾಮ ಪಂಚಾಯಿತಿಯ ಹೊಣೆ



ಕೊಡಗಿನಲ್ಲಿ ಮುಂಗಾರು ಬಿರುಸಾದರೆ ಅದರ ಪರಿಣಾಮ ಬೇಗನೆ ನಮ್ಮ ಜಿಲ್ಲೆಯ ನದಿತೀರದಲ್ಲಿ ಕಾಣಿಸುತ್ತದೆ. ಕೃಷ್ಣರಾಜಸಾಗರದ ನೀರಿನ ಮಟ್ಟ ಗರಿಷ್ಠ 124.80 ಅಡಿಯನ್ನು ಸಮೀಪಿಸಿದಂತೆ ಹೆಚ್ಚುವರಿ ನೀರನ್ನು ನದಿಗೆ ಬಿಡುವುದು ಅನಿವಾರ್ಯವಾಗುತ್ತದೆ. 2018, 2019, 2022 ಮತ್ತು 2024ರ ಮಳೆಗಾಲಗಳಲ್ಲಿ ಹೀಗಾದಾಗ ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿವಿಹಾರವನ್ನು ನಿಲ್ಲಿಸಲಾಯಿತು. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾಗಿ, 2022ರಲ್ಲಿ ರಾಮ್ಸರ್ ತಾಣವೆಂಬ ಮಾನ್ಯತೆ ಪಡೆದ ಈ ಸ್ಥಳಕ್ಕೆ ದೂರದ ಊರುಗಳಿಂದ ಜನರು ಬರುತ್ತಾರೆ. ಅವರಿಗೆ ನದಿಯ ಸ್ವಭಾವ ತಿಳಿದಿರುವುದಿಲ್ಲ. ಅದನ್ನು ಬಲ್ಲವರು ದೋಣಿ ನಡೆಸುವವರು, ಅರಣ್ಯ ವೀಕ್ಷಕರು, ದಿನಗೂಲಿ ನೌಕರರು ಮತ್ತು ತೀರದ ಗ್ರಾಮಗಳ ಮೀನುಗಾರರು. ಆಪತ್ಕಾಲದಲ್ಲಿ ಪ್ರವಾಸಿಗರ ಜೀವ ಇಂತಹವರ ಎಚ್ಚರವನ್ನೇ ಅವಲಂಬಿಸಿರುತ್ತದೆ.

ಯಾರನ್ನು ಗೌರವಿಸಬೇಕು?

ನೀರಿಗೆ ಹಾರಿ ಜೀವ ಉಳಿಸಿದವರನ್ನು ಎಲ್ಲರೂ ಗುರುತಿಸುತ್ತಾರೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ಅಂದು ಮೊದಲು ನೆರವಿಗೆ ಧಾವಿಸಿದವರು ಸಮೀಪದ ಹೊಲಗದ್ದೆಗಳಲ್ಲಿದ್ದ ರೈತರು ಹಾಗೂ ಗ್ರಾಮಸ್ಥರು. ಯಾವುದೇ ಅವಘಡದಲ್ಲಿ ಇಲಾಖೆಯ ವಾಹನ ತಲುಪುವ ಮುನ್ನ ಸ್ಥಳದಲ್ಲಿರುವವರು ಊರಿನವರೇ.

ಆದರೆ ಅವಘಡವೇ ಆಗದಂತೆ ನೋಡಿಕೊಂಡವರು ಸನ್ಮಾನದ ಪಟ್ಟಿಗೆ ಸೇರುವುದು ವಿರಳ. ಬಲಮುರಿ, ಎಡಮುರಿಗಳಲ್ಲಿ ನೀರಿಗಿಳಿದು ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ನಾವು ಮೇಲಿಂದ ಮೇಲೆ ಕೇಳಿದ್ದೇವೆ. ಇಂತಹ ತಾಣದಲ್ಲಿ ಇಳಿಯಬೇಡಿ ಎಂದು ತಡೆಯುವ ಕಾವಲುಗಾರನು ಪ್ರವಾಸಿಗರಿಂದ ಬೈಗುಳ ಕೇಳಬೇಕಾಗುತ್ತದೆ. ಮುಳುಗಿದವರ ಲೆಕ್ಕ ದಾಖಲೆಯಲ್ಲಿ ಉಳಿಯುತ್ತದೆ. ಮುಳುಗದಂತೆ ಹಿಂದಿರುಗಿಸಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಗ್ರಾಮ ಪಂಚಾಯಿತಿ ಗೌರವಿಸುವಾಗ ಈ ಎರಡು ಬಗೆಯ ಸೇವೆಯನ್ನೂ ಸಮಾನವಾಗಿ ಪರಿಗಣಿಸಬೇಕು.

ಗೌರವದ ಕ್ರಮ

ವೀರರನ್ನು ನೆನೆಯುವುದು ನಮ್ಮ ನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ 10ನೆಯ ಶತಮಾನದ ಶಾಸನವು ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ನಡೆದ ಕಾರ್ಯವನ್ನು ಸ್ಪಷ್ಟವಾಗಿ ಬರೆಯಿಸಿ, ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಡಲಾಗಿತ್ತು. ದಾಖಲೆ ಮತ್ತು ವ್ಯವಸ್ಥೆ, ಇವೆರಡೂ ಇದ್ದರೆ ಮಾತ್ರ ಗೌರವ ಪೂರ್ಣವಾಗುತ್ತದೆ. ಶಾಲು, ಹಾರ, ಫಲತಾಂಬೂಲಗಳು ಅದರ ಹೊರರೂಪವಷ್ಟೇ.

ಆದ್ದರಿಂದ ಕೆಳಕಂಡ ಕ್ರಮವನ್ನು ಅನುಸರಿಸುವುದು ಸೂಕ್ತ:

1. ಘಟನೆ ನಡೆದ ಕೂಡಲೇ ದಿನಾಂಕ, ಸ್ಥಳ, ನೆರವು ಪಡೆದವರ ಸಂಖ್ಯೆ, ನೆರವಾದವರ ಕಾರ್ಯ ಮತ್ತು ಕಣ್ಣಾರೆ ಕಂಡವರ ಹೇಳಿಕೆಗಳನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಮೂಲಕ ದಾಖಲಿಸಬೇಕು.

2. ಹೆಸರುಗಳನ್ನು ಗ್ರಾಮ ಸಭೆಯಲ್ಲಿ ಓದಿ ಹೇಳಬೇಕು. ಬಿಟ್ಟುಹೋದವರನ್ನು, ವಿಶೇಷವಾಗಿ ಮಹಿಳೆಯರನ್ನು ಮತ್ತು ದಿನಗೂಲಿಯವರನ್ನು, ಗ್ರಾಮಸ್ಥರೇ ನೆನಪಿಸುತ್ತಾರೆ. ಪ್ರಚಾರವನ್ನು ಬಯಸದವರ ಇಚ್ಛೆಯನ್ನು ಮನ್ನಿಸಬೇಕು.

3. ರಾಷ್ಟ್ರೀಯ ಹಬ್ಬ ಅಥವಾ ರಾಜ್ಯೋತ್ಸವದಂದು ಗೌರವಿಸಬಹುದು. 2019ರ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ಕೃಷ್ಣಾ ಪ್ರವಾಹದಿಂದ ಮುಳುಗಿದ್ದ ಸೇತುವೆಯ ಮೇಲೆ ಆಂಬುಲೆನ್ಸ್‌ಗೆ ದಾರಿ ತೋರಿದ ಬಾಲಕನನ್ನು ಅಲ್ಲಿನ ಜಿಲ್ಲಾಡಳಿತವು ಅದೇ ವರ್ಷದ ಸ್ವಾತಂತ್ರ್ಯ ದಿನದಂದೇ ಗೌರವಿಸಿತು. ಗೌರವವು ಸಕಾಲದಲ್ಲಿ ಸಲ್ಲಬೇಕು ಎಂಬುದಕ್ಕೆ ಇದು ಮಾದರಿ.

4. ಪ್ರಾಣಾಪಾಯವನ್ನು ಲೆಕ್ಕಿಸದೆ ಜೀವ ಉಳಿಸಿದ್ದಲ್ಲಿ ಜೀವನ ರಕ್ಷಾ ಪದಕಗಳಿಗೆ ಶಿಫಾರಸು ಮಾಡುವಂತೆ ಜಿಲ್ಲಾಡಳಿತವನ್ನು ಕೋರಬಹುದು. ಕೇಂದ್ರ ಸರ್ಕಾರ ನೀಡುವ ಈ ಪದಕಗಳಲ್ಲಿ ಸರ್ವೋತ್ತಮ, ಉತ್ತಮ ಮತ್ತು ಜೀವನ ರಕ್ಷಾ ಪದಕ ಎಂಬ ಮೂರು ದರ್ಜೆಗಳಿವೆ, ಮರಣೋತ್ತರವಾಗಿಯೂ ನೀಡಲಾಗುತ್ತದೆ. ಮೊದಲೇ ಸಿದ್ಧಪಡಿಸಿದ ದಾಖಲೆ ಇಲ್ಲಿ ನೆರವಾಗುತ್ತದೆ.

ಗೌರವದೊಡನೆ ರಕ್ಷಣೆ

ಈಜುಬಲ್ಲವನೆಂದು ಹೊಗಳಿ, ಮರುವರ್ಷವೂ ಲೈಫ್ ಜಾಕೆಟ್ ಇಲ್ಲದೆ ಅವನನ್ನು ಹೊಳೆಗೆ ಇಳಿಸುವುದು ಗೌರವವೆನಿಸದು. ವಿಪತ್ತು ನಿರ್ವಹಣಾ ಅಧಿನಿಯಮ, 2005ರ 41ನೆಯ ಪ್ರಕರಣವು ಸ್ಥಳೀಯ ಪ್ರಾಧಿಕಾರಗಳಿಗೆ ತಮ್ಮ ನೌಕರರ ತರಬೇತಿ ಮತ್ತು ಸಲಕರಣೆಗಳನ್ನು ಸಿದ್ಧವಾಗಿಡುವ ಹೊಣೆಯನ್ನು ವಹಿಸಿದೆ. ಹಗ್ಗ, ಟಾರ್ಚ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಲೈಫ್ ಜಾಕೆಟ್‌ಗಳು ಎಲ್ಲಿವೆ, ಬೀಗದ ಕೈ ಯಾರ ಬಳಿಯಿದೆ ಎಂಬುದು ಪ್ರತಿಯೊಬ್ಬ ಸದಸ್ಯರಿಗೂ ತಿಳಿದಿರಬೇಕು. ಸನ್ಮಾನಿತರನ್ನೇ ಮುಂದಿಟ್ಟುಕೊಂಡು ಯುವಕ ಯುವತಿಯರಿಗೆ ತರಬೇತಿ ಏರ್ಪಡಿಸಿದರೆ ಅವರ ಅನುಭವ ಊರಿನ ಆಸ್ತಿಯಾಗುತ್ತದೆ.

ಪೊಲೀಸ್ ಠಾಣೆ, ನ್ಯಾಯಾಲಯಗಳ ಅಲೆದಾಟಕ್ಕೆ ಅಂಜಿ ಹಿಂಜರಿಯುವವರೂ ಉಂಟು. ನೆರವಾದವರಿಗೆ ಕಾನೂನಿನ ರಕ್ಷಣೆ ನೀಡಲೆಂದೇ ಕರ್ನಾಟಕವು 2016ರಲ್ಲಿ ಪ್ರತ್ಯೇಕ ಕಾಯಿದೆ ರೂಪಿಸಿದೆ. ರಸ್ತೆ ಅಪಘಾತಗಳಲ್ಲಿ ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯಿದೆಯ 134ಎ ಪ್ರಕರಣವೂ ರಕ್ಷಣೆ ನೀಡುತ್ತದೆ. ಸನ್ಮಾನದ ವೇದಿಕೆಯಲ್ಲಿ ಈ ವಿಷಯವನ್ನು ತಿಳಿಸಿದರೆ ಮುಂದಿನ ಆಪತ್ತಿನಲ್ಲಿ ಇನ್ನಷ್ಟು ಕೈಗಳು ಮುಂದೆ ಬರುತ್ತವೆ.

ನದಿತೀರದ ಪಂಚಾಯಿತಿಗಳಿಗೆ ಮಾತ್ರ ಇದು ಅನ್ವಯಿಸುವುದೆಂದು ಭಾವಿಸಬಾರದು. ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯಲ್ಲಿ ಕೆರೆಕಟ್ಟೆಗಳಿವೆ. ಆದಿಚುಂಚನಗಿರಿ, ಮೇಲುಕೋಟೆಗಳ ಜಾತ್ರೆಗಳಿಗೆ ಭಕ್ತರು ಅಪಾರವಾಗಿ ಸೇರುತ್ತಾರೆ. ಕೆರೆಯ ಕೋಡಿ ಹರಿದಾಗ, ಬೆಟ್ಟದ ಕುರುಚಲಿಗೆ ಬೆಂಕಿ ಬಿದ್ದಾಗ, ಜನಸಂದಣಿಯಲ್ಲಿ ನೂಕುನುಗ್ಗಲಾದಾಗ ನೆರವಿಗೆ ನಿಲ್ಲುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಸದಸ್ಯರು ಮುಂದಿನ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಮಂಡಿಸಿ, ತಮ್ಮ ವ್ಯಾಪ್ತಿಯಲ್ಲಿ ಈವರೆಗೆ ಹೆಸರಿಲ್ಲದೆ ಉಳಿದವರ ಸೇವೆಯನ್ನು ದಾಖಲಿಸುವ ಕಾರ್ಯವನ್ನು ಆರಂಭಿಸಬೇಕೆಂದು ಕೋರಲಾಗಿದೆ.