ಆಜ್ಞಾಮಾಲೆಗೊಂದು ಮುದ್ರೆ

ಒಬ್ಬ ಗುಮಾಸ್ತನಿಗೆ ಪ್ರತಿದಿನ ಬೆಳಗ್ಗೆ ಒಂದೇ ಬಗೆಯ ಕೆಲಸವಿರುವುದೆಂದು ಭಾವಿಸಿರಿ. ಬಂದ ಪತ್ರಗಳಲ್ಲಿ ಲೆಕ್ಕದ ಪತ್ರಗಳನ್ನು ಬೇರ್ಪಡಿಸಬೇಕು. ಅವುಗಳೊಡನಿರುವ ಕಡತಗಳನ್ನು ತೆಗೆದು ಒಂದೆಡೆ ಇಡಬೇಕು. ಕಳುಹಿಸಿದವರಿಗೆ 'ತಲಪಿತು' ಎಂದು ಉತ್ತರಿಸಬೇಕು. ಇವೆಲ್ಲವನ್ನೂ ಕ್ರಮವಾಗಿ ಬರೆದಿಟ್ಟು, ಒಂದೇ ಹೆಸರನ್ನು ಕೂಗಿದೊಡನೆ ನಡೆಯುವಂತೆ ಏರ್ಪಡಿಸಿದರೆ ಶ್ರಮವೆಷ್ಟು ಉಳಿಯುವುದು! ಗಣಕಯಂತ್ರಕ್ಕೆ ಹೀಗೆ ಬರೆದಿಡುವ ಆಜ್ಞಾಮಾಲೆಯೇ 'ಮ್ಯಾಕ್ರೊ'. ಮೈಕ್ರೋಸಾಫ್ಟ್ ಸಂಸ್ಥೆಯ ಇ-ಮೇಲ್ ಕ್ರಮವಿಧಿಯಾದ ಔಟ್‌ಲುಕ್‌ನ ಹಳೆಯ ಮಾದರಿಯಲ್ಲಿ ಇದನ್ನು ವಿಷುಯಲ್ ಬೇಸಿಕ್ ಭಾಷೆಯಲ್ಲಿ ಬರೆಯಬಹುದು. ಹೊಸ ಮಾದರಿಯಲ್ಲಿ ಈ ಸೌಕರ್ಯವಿಲ್ಲ.

ಆದರೆ ಇಂತಹ ಸೇವಕನಲ್ಲಿ ಒಂದು ದೊಡ್ಡ ಕೊರತೆಯುಂಟು. ಆಜ್ಞೆಯನ್ನು ಬರೆದವರು ಯಾರೆಂದು ಅವನು ವಿಚಾರಿಸುವುದಿಲ್ಲ. ಇದರ ಪರಿಣಾಮವನ್ನು ಜಗತ್ತು 1999ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕಂಡಿತು. 'ಮೆಲಿಸ್ಸ' ಎಂಬ ಮ್ಯಾಕ್ರೊ ವೈರಸ್ ಒಂದು ವರ್ಡ್ ಕಡತದೊಳಗೆ ಅಡಗಿ ಇ-ಮೇಲಿನ ಮೂಲಕ ಹೊರಟಿತು. ಕಡತವನ್ನು ತೆರೆದೊಡನೆ ಅದು ವರ್ಡ್‌ನ ರಕ್ಷಣಾವ್ಯವಸ್ಥೆಯನ್ನು ಸಡಿಲಿಸಿ, ಔಟ್‌ಲುಕ್‌ನ ವಿಳಾಸಪುಸ್ತಕದಿಂದ ಮೊದಲ 50 ವಿಳಾಸಗಳನ್ನು ಆಯ್ದು, ಒಡೆಯನ ಹೆಸರಿನಲ್ಲಿಯೇ ತನ್ನ ಪ್ರತಿಗಳನ್ನು ಕಳುಹಿಸುತ್ತಿತ್ತು. ಪಡೆದವರೆಲ್ಲರೂ ತೆರೆದರೆಂದು ಎಣಿಸಿದರೆ 1 ಪತ್ರ 50 ಆಗುವುದು, ಆ 50 ಪತ್ರಗಳು 2,500 ಆಗುವುವು, ಮೂರನೆಯ ಹೆಜ್ಜೆಗೆ 1,25,000, ನಾಲ್ಕನೆಯದಕ್ಕೆ 62,50,000! ಪರಮಾಣುಬೀಜದ ಸರಪಳಿಕ್ರಿಯೆಯನ್ನು ಓದಿದ ವಿದ್ಯಾರ್ಥಿಗಳಿಗೆ ಈ ಗುಣೋತ್ತರ ಶ್ರೇಢಿ ಅಪರಿಚಿತವಲ್ಲ. ಅನೇಕ ಸಂಸ್ಥೆಗಳು ತಮ್ಮ ಇ-ಮೇಲ್ ವ್ಯವಸ್ಥೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ಹಾಗಾದರೆ ಮ್ಯಾಕ್ರೊಗಳನ್ನೆಲ್ಲ ನಿಷೇಧಿಸಿಬಿಡುವುದು ಲೇಸೆ? ಕಳ್ಳನಿಗೆ ಅಂಜಿ ಬಾಗಿಲಿದ್ದೆಡೆ ಗೋಡೆಯನ್ನು ಕಟ್ಟಿದರೆ ಮನೆಯವರೂ ಒಳಬರಲಾರರು. ಎಲ್ಲಕ್ಕೂ ಅನುಮತಿ ಕೊಡುವುದಾದರೆ ಬಾಗಿಲನ್ನು ಹಾರುಹೊಡೆದಿಟ್ಟಂತೆ. ಪ್ರತಿಸಾರಿಯೂ ಯಂತ್ರವು ನಮ್ಮನ್ನು ಕೇಳುವಂತೆ ಮಾಡಬಹುದು. ಆದರೆ ದಿನವೂ 'ಹೌದು' ಎಂದು ಒತ್ತಿ ರೂಢಿಯಾದ ಬೆರಳು ಒಂದು ದಿನ ಓದದೆಯೇ ಒತ್ತಿಬಿಡುವುದು. ಔಟ್‌ಲುಕ್‌ನಲ್ಲಿ ನಾಲ್ಕನೆಯ ಮಾರ್ಗವೊಂದಿದೆ: ಸಹಿಯುಳ್ಳ ಮ್ಯಾಕ್ರೊಗಳಿಗೆ ಮಾತ್ರ ಪ್ರವೇಶ.

ಈ ಸಹಿ ಶಾಯಿಯದಲ್ಲ, ಗಣಿತದ್ದು. ಹಿಂದೆ ಬೆಲೆಯುಳ್ಳ ಲಕೋಟೆಗೆ ಅರಗಿನ ಮುದ್ರೆಯನ್ನೊತ್ತುತ್ತಿದ್ದರು. ಯಾರಾದರೂ ಬಿಚ್ಚಿದರೆ ಅರಗು ಒಡೆಯುತ್ತಿತ್ತು. ಇಲ್ಲಿ ಮ್ಯಾಕ್ರೊವಿನ ಅಕ್ಷರಗಳೆಲ್ಲವನ್ನೂ ಒಂದು ಗಣಿತಕ್ರಿಯೆಗೆ ಒಳಪಡಿಸಿ ನಿಯತ ಉದ್ದದ ಒಂದು ಸಾರಾಂಶಸಂಖ್ಯೆಯನ್ನು ಪಡೆಯುವರು. ಮೂಲದಲ್ಲಿ ಒಂದಕ್ಷರ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುವುದು. ಬರೆದವನು ತನ್ನ ಗುಪ್ತ ಕೀಲಿಯಿಂದ ಈ ಸಂಖ್ಯೆಗೆ ಮುದ್ರೆಯೊತ್ತುವನು. ಬಹಿರಂಗ ಕೀಲಿಯುಳ್ಳ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು, ಆದರೆ ಹೊಸದಾಗಿ ಒತ್ತಲಾರರು. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ರೂಪಿಸಿದ ವಿಧಾನದ ಗುಟ್ಟು ಸರಳವಾದುದು. 101ನ್ನು 113ರಿಂದ ಗುಣಿಸುವುದು ಸುಲಭ. ಆದರೆ 11,413ನ್ನು ಮಾತ್ರ ಕೊಟ್ಟು ಅದರ ಅಪವರ್ತನಗಳನ್ನು ಕೇಳಿದರೆ ತಡಕಾಡಬೇಕಾಗುವುದು. ನೂರಾರು ಅಂಕಗಳ ಸಂಖ್ಯೆಯಾದರೆ ಇಂದಿನ ಗಣಕಗಳೂ ಸೋಲುವುವು.

ತನಗಾಗಿಯೇ ಮ್ಯಾಕ್ರೊ ಬರೆದುಕೊಳ್ಳುವವನು ಹಣ ತೆತ್ತು ಪ್ರಮಾಣಪತ್ರ ಪಡೆಯಬೇಕಾಗಿಲ್ಲ. ಆಫೀಸ್ ಕ್ರಮವಿಧಿಗಳೊಡನೆ ಬರುವ 'ಸೆಲ್ಫ್‌ಸರ್ಟ್' ಎಂಬ ಉಪಕರಣದಿಂದ ತಾನೇ ಒಂದನ್ನು ಸೃಷ್ಟಿಸಿ, ಅದರಿಂದ ಮ್ಯಾಕ್ರೊವಿಗೆ ಸಹಿ ಹಾಕಿ, ತನ್ನ ಯಂತ್ರದ ನಂಬಿಕಸ್ಥರ ಪಟ್ಟಿಗೆ ಅದನ್ನು ಸೇರಿಸಿದರೆ ಸಾಕು. ಬಳಿಕ ಸಹಿಯಿಲ್ಲದ ಮ್ಯಾಕ್ರೊಗಳಿಗೆಲ್ಲ ಬಾಗಿಲು ಮುಚ್ಚಿರುವುದು.

ಆದರೆ ಸಹಿಯು ಸಜ್ಜನಿಕೆಗೆ ಸಾಕ್ಷಿಯಲ್ಲವೆಂಬುದನ್ನು ಮರೆಯಬಾರದು. ಬರಹವು ತಿದ್ದಲ್ಪಟ್ಟಿಲ್ಲ, ಇಂತಹ ಕೀಲಿಯಿಂದಲೇ ಮುದ್ರೆ ಬಿದ್ದಿದೆ ಎಂದಷ್ಟೇ ಅದು ಹೇಳುವುದು. ಬೇರೊಬ್ಬರು ಬರೆದುದನ್ನು ಓದಿ ತಿಳಿಯದೆ ನಾವೇ ಸಹಿ ಹಾಕಿದರೆ ದೋಷ ಗಣಿತದ್ದಲ್ಲ. ಗುಪ್ತ ಕೀಲಿ ಕಳ್ಳನ ಕೈಸೇರಿದರೆ ಅವನ ಬರಹವೂ ನಮ್ಮದಾಗಿಯೇ ತೋರುವುದು. ಅಂತರಜಾಲದಿಂದ ಬಂದ ವರ್ಡ್, ಎಕ್ಸೆಲ್ ಮುಂತಾದ ಕಡತಗಳ ಮ್ಯಾಕ್ರೊಗಳನ್ನು ಮೊದಲಿಗೇ ತಡೆಯುವ ಏರ್ಪಾಡನ್ನು ಮೈಕ್ರೋಸಾಫ್ಟ್ 2022ರಲ್ಲಿ ಜಾರಿಗೆ ತಂದಿತು. ಮೆಲಿಸ್ಸ ಕಲಿಸಿದ ಪಾಠ ರೂಢಿಗೆ ಬರಲು ಇಪ್ಪತ್ತಮೂರು ವರ್ಷ ಹಿಡಿಯಿತು. ಯಂತ್ರವು ಮುದ್ರೆಯನ್ನು ಪರೀಕ್ಷಿಸಬಲ್ಲುದು. ಮುದ್ರೆ ಒತ್ತುವ ಮುನ್ನ ಯೋಚಿಸಬೇಕಾದವರು ನಾವು.