ಲಸಿಕೆ: ಮನೆಮನೆಯ ಕೆಲಸ, ಊರೊಟ್ಟಿನ ಹೊಣೆ



ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಹೆಸರು ಕೇಳದವರು ನಮ್ಮ ಭಾಗದಲ್ಲಿ ಯಾರೂ ಇಲ್ಲ. ಸಂತ ಸೇವಾಲಾಲರು 1739ರಲ್ಲಿ ಜನಿಸಿದರೆಂದು ಬಂಜಾರ ಬಂಧುಗಳು ನಂಬಿ ಪೂಜಿಸುವ ಪುಣ್ಯಸ್ಥಳವಿದು. ಪ್ರತಿ ವರ್ಷ ಫೆಬ್ರವರಿ ಮಧ್ಯದಲ್ಲಿ ನಡೆಯುವ ಜಯಂತಿಗೆ ನಮ್ಮ ರಾಜ್ಯದಿಂದಲ್ಲದೆ ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದಲೂ ಮಾಲಾಧಾರಿಗಳು ಬರುತ್ತಾರೆ. ಎತ್ತುಗಳ ಬೆನ್ನಿನ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶವೆಲ್ಲ ಸುತ್ತಿದ ಜನಾಂಗ ಇದು. ರಾಸುವಿನ ಬೆಲೆ ಇವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂದಿಗೂ ತಾಂಡಾಗಳಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಡೇರಿಗೆ ಹಾಕುವ ಹಾಲೇ ಎಷ್ಟೋ ಮನೆಗಳ ಸಂತೆ ಖರ್ಚು, ಮಕ್ಕಳ ಶಾಲೆ ಖರ್ಚು ನಡೆಸುತ್ತಿದೆ.

ಈ ಆದಾಯಕ್ಕೆ ಒಂದೇ ವಾರದಲ್ಲಿ ಕುತ್ತು ತರಬಲ್ಲದ್ದು ಕಾಲುಬಾಯಿ ಜ್ವರ. ಇದಕ್ಕೆ ಲಸಿಕೆ ಇದೆ, ಉಚಿತವಾಗಿಯೂ ಸಿಗುತ್ತದೆ. ಆದರೂ ಲಸಿಕೆ ತಂಡ ಊರಿಗೆ ಬಂದಾಗ ಕೆಲವರು ರಾಸುಗಳನ್ನು ಹೊಲದ ಕಡೆಗೆ ಹೊಡೆದುಬಿಡುತ್ತಾರೆ. ಇದನ್ನು ಸರಿಪಡಿಸಲು ಗ್ರಾಮ ಪಂಚಾಯಿತಿ ಏನು ಮಾಡಬಹುದು, ಸದಸ್ಯರಾದ ತಾವು ಪಂಚಾಯಿತಿಯಿಂದ ಏನನ್ನು ಕೇಳಬಹುದು ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಸಂಘ ಇರುವಾಗ ಪಂಚಾಯಿತಿ ಏಕೆ?

ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ತನ್ನ ಸದಸ್ಯರ ಪರಿಚಯವಿದೆ. ಆದರೆ ಊರಿನ ಎಲ್ಲ ರಾಸುಗಳೂ ಸದಸ್ಯರವಲ್ಲ. ಉಳುವ ಎತ್ತು, ಬತ್ತಿದ ಹಸು, ಕರು, ಮಣಕ, ಡೇರಿಗೆ ಹಾಲು ಹಾಕದವರ ಎಮ್ಮೆ, ಇವೆಲ್ಲ ಸಂಘದ ಪುಸ್ತಕಕ್ಕೆ ಬರುವುದಿಲ್ಲ. ರೋಗಾಣುವಾದರೋ ಸದಸ್ಯತ್ವದ ಸಂಖ್ಯೆ ಕೇಳಿ ಬರುವುದಿಲ್ಲ. ಕಾಯಿಲೆ ಬಿದ್ದ ರಾಸುವಿನ ಜೊಲ್ಲು, ಹಾಲು, ಉಸಿರು, ಅದು ತಿಂದು ಬಿಟ್ಟ ಮೇವು, ಅದನ್ನು ಮುಟ್ಟಿದವರ ಕೈ, ಬಟ್ಟೆ, ಚಪ್ಪಲಿ, ವಾಹನದ ಗಾಲಿ, ಇವೆಲ್ಲವುಗಳ ಮೂಲಕ ಹರಡುತ್ತದೆ. ಊರಿನ ಬಹುಪಾಲು ರಾಸುಗಳಿಗೆ, ಅಂದರೆ ನೂರಕ್ಕೆ 80ಕ್ಕಿಂತ ಹೆಚ್ಚಿನವಕ್ಕೆ, ರೋಗನಿರೋಧಕ ಶಕ್ತಿ ಬಂದರೆ ಮಾತ್ರ ರೋಗಕ್ಕೆ ದಾರಿ ಮುಚ್ಚುತ್ತದೆ. ಊರಿನ ಪ್ರತಿ ಮನೆಯ ಬಾಗಿಲಿಗೂ ಹೋಗುವ ಅಧಿಕಾರ ಇರುವುದು ಪಂಚಾಯಿತಿಗೆ.

ಇದು ಪಂಚಾಯಿತಿ ಮಾಡುವ ಉಪಕಾರವೂ ಅಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳನ್ನು ಪಟ್ಟಿ ಮಾಡುವಾಗ ಮನುಷ್ಯರ ಮತ್ತು ಪ್ರಾಣಿಗಳ ಲಸಿಕೆ ಕಾರ್ಯಕ್ರಮಗಳಲ್ಲಿ ಭಾಗವಹಿಸುವುದನ್ನೂ ಸೇರಿಸಿದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ, ಇಂಥ ರೋಗದ ಸಂಶಯ ಬಂದರೆ ರಾಸುವಿನ ಮಾಲೀಕರು ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು, ಅವರಿಂದ ಸುದ್ದಿ ಪಶುವೈದ್ಯರಿಗೆ ಹೋಗಬೇಕು.

ಹಿಂದೆ ನಡೆದದ್ದು

ನಮ್ಮ ಹಿರಿಯರ ಕಾಲದಲ್ಲಿ ದೊಡ್ಡರೋಗ ಬಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಊರೂರು ಸುತ್ತಿ ಲಸಿಕೆ ಹಾಕಿದ್ದರ ಫಲವಾಗಿ ಭಾರತದಲ್ಲಿ ಅದು ಕೊನೆಯ ಬಾರಿ ಕಾಣಿಸಿದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಈಗಿನ ಯುವಕರು ಆ ರೋಗವನ್ನು ಕಣ್ಣಿನಿಂದ ನೋಡಿಯೇ ಇಲ್ಲ.

ಮನುಷ್ಯರಲ್ಲಿ ಪೋಲಿಯೊ ಕೂಡ ಹಾಗೆಯೇ. 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾಯಿತು. ಭಾನುವಾರ ಬೂತಿನಲ್ಲಿ ಹನಿ ಹಾಕಿ, ಮುಂದಿನ ದಿನಗಳಲ್ಲಿ ತಪ್ಪಿಹೋದ ಮಕ್ಕಳನ್ನು ಮನೆಮನೆಗೆ ಹೋಗಿ ಹುಡುಕಿ ಹಾಕಿದರು. 2014ರಲ್ಲಿ ದೇಶ ಪೋಲಿಯೊ ಮುಕ್ತವೆನಿಸಿತು. ರಾಸುಗಳ ಲಸಿಕೆಗೂ ಇದೇ ಕ್ರಮ ಹೊಂದುತ್ತದೆ: ಗೊತ್ತಾದ ದಿನ, ಗೊತ್ತಾದ ಜಾಗ, ಆಮೇಲೆ ತಪ್ಪಿದವರ ಹುಡುಕಾಟ.

ಬೇರೆ ಬಗೆಯ ನೆನಪುಗಳೂ ಇವೆ. 2013ರಲ್ಲಿ ಕಾಲುಬಾಯಿ ಜ್ವರ ನಮ್ಮ ರಾಜ್ಯದಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡಿತು. 2022ರಲ್ಲಿ ಚರ್ಮಗಂಟು ರೋಗ ಹರಡಿ ದನಗಳ ಸಂತೆ, ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಕಾಲುಬಾಯಿ ಜ್ವರವನ್ನು 2030ರೊಳಗೆ ದೇಶದಿಂದ ತೊಲಗಿಸುವ ಗುರಿಯಿಟ್ಟು ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾಗಿದೆ.

ಜನ ಹಿಂಜರಿಯುವುದೇಕೆ?

ಲಸಿಕೆ ಬೇಡವೆನ್ನುವವರನ್ನು ಮೂಢರೆಂದು ಬೈದರೆ ಪ್ರಯೋಜನವಿಲ್ಲ. ಅವರ ಮಾತಿಗೆ ಕಾರಣವಿರುತ್ತದೆ. ಅದಕ್ಕೆ ನೇರವಾಗಿ ಉತ್ತರ ಕೊಡಬೇಕು.

"ಸೂಜಿ ಹಾಕಿಸಿದರೆ ಹಾಲು ಇಳಿಯುತ್ತದೆ." ನಿಜ, ಕೆಲವು ರಾಸುಗಳಲ್ಲಿ ಎರಡು ಮೂರು ದಿನ ಸ್ವಲ್ಪ ಇಳಿಯಬಹುದು, ಮೈ ಬಿಸಿಯಾಗಬಹುದು. ಲೆಕ್ಕ ಹಾಕಿ ನೋಡಿ. ದಿನಕ್ಕೆ 10 ಲೀಟರ್ ಕೊಡುವ ಹಸು ಮೂರು ದಿನ ಅರ್ಧರ್ಧ ಲೀಟರ್ ಕಡಿಮೆ ಕೊಟ್ಟರೆ ನಷ್ಟ ಒಂದೂವರೆ ಲೀಟರ್. ಅದೇ ಹಸುವಿಗೆ ರೋಗ ತಗುಲಿ ಒಂದು ತಿಂಗಳು ದಿನಕ್ಕೆ 2 ಲೀಟರ್‌ಗೆ ಇಳಿದರೆ ನಷ್ಟ 240 ಲೀಟರ್. ಔಷಧಿಯ ಖರ್ಚು ಬೇರೆ. ಮಿಶ್ರತಳಿ ಹಸು ವಾಸಿಯಾದರೂ ಬಿಸಿಲಿನಲ್ಲಿ ಏದುಸಿರು ಬಿಡುವುದು, ಬೆದೆಗೆ ಬಾರದಿರುವುದು ಉಳಿದುಬಿಡಬಹುದು. ಎಳೆಗರುಗಳ ಹೃದಯಕ್ಕೇ ಪೆಟ್ಟು ಬಿದ್ದು ಅವು ದಿಢೀರನೆ ಸಾಯುವುದುಂಟು.

"ಗಬ್ಬದ ಹಸು ಕಂದು ಹಾಕುತ್ತದೆ." ಗಬ್ಬದ ರಾಸುವನ್ನು ಓಡಿಸಿ, ಕೆಡವಿ, ಬಲವಂತ ಮಾಡುವುದೇ ಹೆಚ್ಚು ಅಪಾಯ. ತುಂಬು ಗಬ್ಬದ ರಾಸು ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ನಡೆಯಿರಿ. ರೋಗ ತಗುಲಿದರೆ ಕಂದು ಹಾಕುವ ಭಯ ಇನ್ನೂ ಹೆಚ್ಚು.

"ಒಂದೇ ಸೂಜಿಯಲ್ಲಿ ಎಲ್ಲಕ್ಕೂ ಚುಚ್ಚುತ್ತಾರೆ." ಪ್ರತಿ ರಾಸುವಿಗೂ ಬೇರೆ ಸೂಜಿ ಕೇಳುವುದು ತಮ್ಮ ಹಕ್ಕು. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಟ್ಟಿರಬೇಕು. ಐಸ್ ಪೆಟ್ಟಿಗೆ ಇದೆಯೇ ಎಂದು ನೋಡಿ, ಕೇಳಿ. ಕೇಳುವವರಿದ್ದರೆ ಕೆಲಸವೂ ಅಚ್ಚುಕಟ್ಟಾಗುತ್ತದೆ.

"ಕಳೆದ ಸಲ ಹಾಕಿಸಿದ್ದೆ, ಸಾಕಲ್ಲ?" ಸಾಲದು. ಈ ಲಸಿಕೆಯ ಶಕ್ತಿ ಸುಮಾರು ಆರು ತಿಂಗಳು ಮಾತ್ರ. ಕರುವಿಗೆ 4 ತಿಂಗಳಾದಾಗ ಮೊದಲ ಲಸಿಕೆ, ಸುಮಾರು ಒಂದು ತಿಂಗಳ ನಂತರ ಬಲವರ್ಧಕ, ಅನಂತರ ಆರು ತಿಂಗಳಿಗೊಮ್ಮೆ ಹಾಕಿಸುತ್ತಿರಬೇಕು.

ಪಂಚಾಯಿತಿ ಮಾಡಬಹುದಾದ ಕೆಲಸಗಳು

1. ಗ್ರಾಮಸಭೆಯಲ್ಲಿ ದಿನ ನಿಗದಿ. ಪಶುವೈದ್ಯರು, ಸಂಘದ ಕಾರ್ಯದರ್ಶಿ, ಪಂಚಾಯಿತಿ ಸದಸ್ಯರು ಕೂಡಿ ಓಣಿವಾರು ದಿನ ಗೊತ್ತುಮಾಡಲಿ. ಜನರ ಎದುರಿಗೆ ತೀರ್ಮಾನವಾದ ದಿನವನ್ನು ಜನ ಮರೆಯುವುದಿಲ್ಲ.

2. ಹೊತ್ತು ನೋಡಿ ಬರುವುದು. ಹತ್ತು ಗಂಟೆಗೆ ತಂಡ ಬಂದರೆ ದನ ಮೇಯಲು ಹೋಗಿರುತ್ತವೆ, ಯಜಮಾನರು ಗದ್ದೆಗೆ, ತೋಟಕ್ಕೆ ಹೋಗಿರುತ್ತಾರೆ. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಹೊತ್ತು ಎಲ್ಲಕ್ಕಿಂತ ಅನುಕೂಲ.

3. ಮನೆವಾರು ಪಟ್ಟಿ. ಯಾರ ಮನೆಯಲ್ಲಿ ಎಷ್ಟು ರಾಸು, ಎಷ್ಟಕ್ಕೆ ಕಿವಿಯೋಲೆ ಇದೆ, ಎಷ್ಟಕ್ಕೆ ಲಸಿಕೆ ಆಯಿತು ಎಂದು ಬರೆದಿಡಬೇಕು. ಕಿವಿಯೋಲೆಯ 12 ಅಂಕಿಗಳ ಸಂಖ್ಯೆ ರಾಸುವಿನ ಗುರುತು. ಕಬ್ಬು ಕಡಿಯಲು, ತೋಟದ ಕೆಲಸಕ್ಕೆ ಹೊರಗೆ ಹೋದ ತಾಂಡಾ ಕುಟುಂಬಗಳ ರಾಸುಗಳು ಪಟ್ಟಿಯಿಂದ ಬಿಟ್ಟುಹೋಗದಂತೆ ನೋಡಬೇಕು. ಅವರು ಮರಳಿದಾಗ ಇನ್ನೊಂದು ದಿನ ಇಡಬೇಕು.

4. ನಂಬಿಕೆಯ ಬಾಯಿಂದ ಮಾತು. ಜೀಪಿನ ಮೈಕಿನ ಕೂಗಿಗಿಂತ ತಾಂಡಾದ ನಾಯಕ, ಕಾರಭಾರಿ ಹೇಳಿದ ಮಾತಿಗೆ ತೂಕ ಹೆಚ್ಚು. ಲಂಬಾಣಿ ಭಾಷೆಯಲ್ಲೇ ವಿವರಿಸಿದರೆ ಸಂದೇಹ ಬೇಗ ಬಗೆಹರಿಯುತ್ತದೆ. ರಾಸುಗಳ ಆರೈಕೆ ಹೆಚ್ಚಾಗಿ ಹೆಣ್ಣುಮಕ್ಕಳದು. ಆದ್ದರಿಂದ ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ವಿಷಯ ಬರಲೇಬೇಕು. ಎಲ್ಲಕ್ಕಿಂತ ಮೊದಲು, ಅಧ್ಯಕ್ಷರು, ಸದಸ್ಯರು, ಸಂಘದ ನಿರ್ದೇಶಕರು ತಮ್ಮ ಕೊಟ್ಟಿಗೆಯ ರಾಸುಗಳಿಗೆ ಮೊದಲ ದಿನವೇ ಹಾಕಿಸಬೇಕು.

5. ರಾಸು ನಿಲ್ಲಿಸಲು ಅನುಕೂಲ. ಓಣಿಗೊಂದು ಗಟ್ಟಿಯಾದ ಟ್ರೆವಿಸ್, ನೆರಳು, ನೀರು ಇದ್ದರೆ ಹಾಯುವ ಎತ್ತಿಗೂ ಹೆದರದೆ ಲಸಿಕೆ ಹಾಕಬಹುದು.

6. ಮೂರನೆಯ ದಿನ ಮತ್ತೆ ಭೇಟಿ. ಲಸಿಕೆ ಹಾಕಿ ಹೋದವರು ಮುಖ ತೋರಿಸದಿದ್ದರೆ ಒಂದು ರಾಸುವಿನ ಬಾವು ಊರಿಗೆಲ್ಲ ಗುಲ್ಲಾಗುತ್ತದೆ. ತೊಂದರೆ ಕಂಡ ಮನೆಗೆ ಬಂದು ನೋಡಿ ಹೋದರೆ ಮುಂದಿನ ಸುತ್ತಿಗೆ ಜನ ತಾವೇ ರಾಸು ಹಿಡಿದು ನಿಲ್ಲುತ್ತಾರೆ.

7. ಗೋಡೆಯ ಮೇಲೆ ಲೆಕ್ಕ. ಓಣಿಯಲ್ಲಿ ಎಷ್ಟು ರಾಸು, ಎಷ್ಟಕ್ಕೆ ಲಸಿಕೆ ಎಂದು ಪಂಚಾಯಿತಿ ಮತ್ತು ಡೇರಿಯ ಹಲಗೆಯಲ್ಲಿ ಬರೆಯಲಿ. ಹಾಕಿಸದವರ ಹೆಸರು ಬರೆದು ಅವಮಾನ ಮಾಡಬಾರದು. ಪೂರ್ತಿ ಮಾಡಿದ ಓಣಿಯನ್ನು ಗ್ರಾಮಸಭೆಯಲ್ಲಿ ಗೌರವಿಸಿದರೆ ಉಳಿದವರಿಗೂ ಹುರುಪು ಬರುತ್ತದೆ.

ರೋಗ ಹಬ್ಬಿದ ಪ್ರದೇಶವನ್ನು ನಿಯಂತ್ರಿತ ಪ್ರದೇಶವೆಂದು ಘೋಷಿಸಿ ಲಸಿಕೆಯನ್ನು ಕಡ್ಡಾಯ ಮಾಡಲು, ದನದ ಸಂತೆ ತಡೆಯಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಅಲ್ಲಿಯವರೆಗೆ ಹೋಗಲು ಬಿಟ್ಟರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ. ಲಸಿಕೆಯ ಶಕ್ತಿ ಮೈಗೂಡಲು ಎರಡು ಮೂರು ವಾರ ಬೇಕು. ಆದ್ದರಿಂದ ಜಾತ್ರೆ, ಸಂತೆಗಳ ಕಾಲಕ್ಕೆ ಮೂರು ವಾರ ಮೊದಲೇ ಕೆಲಸ ಮುಗಿದಿರಬೇಕು. ಸಾವಿರಾರು ವಾಹನಗಳು ಬಂದುಹೋಗುವ ಸೂರಗೊಂಡನಕೊಪ್ಪ ಮತ್ತು ಸುತ್ತಲಿನ ಊರುಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಕಂದು ರೋಗವನ್ನು ಮರೆಯದಿರಿ

ರಾಸುಗಳು ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುವ ಈ ರೋಗ ಮನುಷ್ಯರಿಗೂ ತಗಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಇದರ ಲಕ್ಷಣ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಮಾತ್ರ ಲಸಿಕೆ ಹಾಕಿಸಬೇಕು. ಆ ವಯಸ್ಸು ದಾಟಿದರೆ ಅವಕಾಶ ತಪ್ಪುತ್ತದೆ. ಕಂದು ಹಾಕಿದ ಕರು, ಮಾಸು ಬರಿಗೈಯಲ್ಲಿ ಮುಟ್ಟಬೇಡಿ, ಆಳವಾಗಿ ಹೂಳಿರಿ. ಹಾಲನ್ನು ಕಾಯಿಸಿಯೇ ಕುಡಿಯಿರಿ.

ರೋಗದ ಸುಳಿವು ಕಂಡರೆ

ಬಾಯಲ್ಲಿ ಜೊಲ್ಲು, ನಾಲಗೆ ಮತ್ತು ಗೊರಸಿನ ಸಂದಿಯಲ್ಲಿ ಗುಳ್ಳೆ ಅಥವಾ ಹುಣ್ಣು, ಕುಂಟುವುದು ಕಂಡರೆ ಆ ರಾಸುವನ್ನು ಬೇರೆ ಕಟ್ಟಿ. ಕೆರೆಗೆ, ಸಾಮೂಹಿಕ ತೊಟ್ಟಿಗೆ ಬಿಡಬೇಡಿ. ಸಂತೆಗೆ ಹೊಡೆದು ಮಾರಬೇಡಿ. ಅದು ಇನ್ನೊಬ್ಬ ರೈತನ ಮನೆಗೆ ಕಾಯಿಲೆ ಮಾರಿದಂತೆ. ಕೊಟ್ಟಿಗೆಯನ್ನು ಶೇಕಡಾ 4ರ ವಾಷಿಂಗ್ ಸೋಡಾ ನೀರಿನಿಂದ ತೊಳೆಯಿರಿ, ಅಂದರೆ 10 ಲೀಟರ್ ನೀರಿಗೆ 400 ಗ್ರಾಂ. ಪಂಚಾಯಿತಿಗೆ, ಪಶು ಆಸ್ಪತ್ರೆಗೆ ಅದೇ ದಿನ ತಿಳಿಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.

ಕೊನೆಗೊಂದು ಮಾತು. ಲಸಿಕೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬಳಸುವ 'ವ್ಯಾಕ್ಸಿನ್' ಎಂಬ ಹೆಸರು ಬಂದಿರುವುದು ಹಸು ಎಂಬ ಅರ್ಥದ ಲ್ಯಾಟಿನ್ ಪದದಿಂದ. 1796ರಲ್ಲಿ ಎಡ್ವರ್ಡ್ ಜೆನ್ನರ್ ಎಂಬ ಇಂಗ್ಲಿಷ್ ವೈದ್ಯ, ಹಸುವಿನ ಸಿಡುಬು ತಗುಲಿದ್ದ ಹಾಲು ಕರೆಯುವ ಹೆಣ್ಣುಮಗಳ ಕೈಯ ಗುಳ್ಳೆಯಿಂದ ಮನುಷ್ಯರ ಸಿಡುಬಿಗೆ ತಡೆ ಕಂಡುಹಿಡಿದ. ಮನುಷ್ಯಕುಲಕ್ಕೆ ಮೊದಲ ಲಸಿಕೆ ಕೊಟ್ಟದ್ದು ಹಸು. ಆ ಹಸುವಿಗೆ ಆರು ತಿಂಗಳಿಗೊಮ್ಮೆ ಒಂದು ಸೂಜಿ ಹಾಕಿಸುವುದು ನಮಗೆ ಭಾರವಾಗಬಾರದು. ಬರುವ ಗ್ರಾಮಸಭೆಯಲ್ಲಿ ತಾವೇ ಎದ್ದು ನಿಂತು ಕೇಳಿ: "ನಮ್ಮ ಊರಿಗೆ ಲಸಿಕೆ ಯಾವ ದಿನ? ಕಳೆದ ಸುತ್ತಿನಲ್ಲಿ ತಪ್ಪಿದ ರಾಸುಗಳು ಎಷ್ಟು?"